ಸತ್ತವರಿಗಾಗಿ ಬಲಿಪೂಜೆ ಯಾಕೆ? ಕಥೋಲಿಕರ ‘ಸಂತರ ಅನ್ಯೋನ್ಯತೆ’ ಮತ್ತು ಕಲಬುರಗಿಯ ಒಂದು ಮನೆ

ಕರ್ನಾಟಕದ ಕಥೋಲಿಕರಿಗೆ ಒಂದು ಸಣ್ಣ ಅನುಕೂಲ ಇದೆ. ನವೆಂಬರ್ 1 ಅವರಿಗೆ ಸಕಲ ಸಂತರ ಹಬ್ಬ, ರಾಜ್ಯಕ್ಕೆಲ್ಲ ರಾಜ್ಯೋತ್ಸವ. ಹಾಗಾಗಿ ಚರ್ಚಿಗೆ ಹೋಗೋಕೆ ಪ್ರತ್ಯೇಕ ರಜೆ ಕೇಳಬೇಕಿಲ್ಲ. ಮರುದಿನ, ನವೆಂಬರ್ 2, ತೀರಿಕೊಂಡ ಎಲ್ಲರ ಸ್ಮರಣೆ. ಅವತ್ತು ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಕ್ರೈಸ್ತರ ಹಿರಿಯರ ಹಬ್ಬ ಅನಿಸುತ್ತೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಇದರ ಹಿಂದಿರುವ ನಂಬಿಕೆ ಬೇರೆ ಥರದ್ದು, ಮತ್ತು ಅದೇ ನಂಬಿಕೆ ಒಂದೇ ಮನೆಯ ಇಬ್ಬರು ಕ್ರೈಸ್ತರ ನಡುವೆ ಗೆರೆ ಎಳೆಯಬಲ್ಲದು.

ಕ್ರೈಸ್ತರ ಹಳೆಯ ವಿಶ್ವಾಸ ಪ್ರಮಾಣಗಳಲ್ಲಿ ಒಂದಾದ ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ ‘ಕೊಮ್ಯೂನಿಯೊ ಸಾಂಕ್ತೋರುಮ್’ ಅನ್ನೋ ಎರಡು ಲ್ಯಾಟಿನ್ ಪದ ಬರುತ್ತವೆ. ಕನ್ನಡದಲ್ಲಿ ಸಂತರ ಅನ್ಯೋನ್ಯತೆ ಅನ್ನಬಹುದು. ಲ್ಯಾಟಿನ್‌ನಲ್ಲಿ ಇದಕ್ಕೆ ಎರಡು ಅರ್ಥ ಹೊರಡುತ್ತೆ: ಪವಿತ್ರ ವಸ್ತುಗಳಲ್ಲಿ ಒಟ್ಟಿಗೆ ಪಾಲು ಹೊಂದುವುದು, ಪವಿತ್ರ ಜನರ ಒಕ್ಕೂಟ. ಕಥೋಲಿಕ ಧರ್ಮಸಭೆ ಎರಡನ್ನೂ ಇಟ್ಟುಕೊಂಡಿದೆ. ಇಲ್ಲಿ ‘ಸಂತರು’ ಅಂದರೆ ಗೋಡೆಯ ಮೇಲಿನ ಪಟದಲ್ಲಿ ಇರುವವರು ಮಾತ್ರ ಅಲ್ಲ. ಸಂತ ಪೌಲರು ತಮ್ಮ ಪತ್ರಗಳಲ್ಲಿ ಊರೂರಿನ ಸಾಮಾನ್ಯ ವಿಶ್ವಾಸಿಗಳನ್ನೇ ಹಾಗೆ ಕರೆದರು. ದೀಕ್ಷಾಸ್ನಾನ ಪಡೆದವರೆಲ್ಲ ಕ್ರಿಸ್ತನ ಒಂದೇ ದೇಹದ ಅಂಗಗಳು. ಸಾವು ಅಂಗವನ್ನು ದೇಹದಿಂದ ಕತ್ತರಿಸೋದಿಲ್ಲ. ಇಡೀ ಸಿದ್ಧಾಂತ ನಿಂತಿರೋದು ಈ ಮಾತಿನ ಮೇಲೆ.

ಹಾಗಾದರೆ ಈ ಒಕ್ಕೂಟದಲ್ಲಿ ಯಾರ್ಯಾರು ಇದ್ದಾರೆ? ಭೂಮಿಯ ಮೇಲೆ ಇನ್ನೂ ನಡೀತಾ ಇರುವ ನಾವು. ದೇವರ ಸನ್ನಿಧಿ ಸೇರಿದವರು. ಮತ್ತು ಈ ಎರಡರ ನಡುವೆ, ದೇವರ ಸ್ನೇಹದಲ್ಲೇ ಸತ್ತರೂ ಇನ್ನೂ ಪೂರ್ತಿ ಶುದ್ಧರಾಗದವರು. ಇವರಿರುವ ಸ್ಥಿತಿಗೆ ಶುದ್ಧೀಕರಣ ಸ್ಥಳ ಅನ್ನುತ್ತಾರೆ. ಜನ ಇದನ್ನು ಅರ್ಧ ನರಕ ಅಂದುಕೊಳ್ಳೋದುಂಟು. ಹಾಗಲ್ಲ. ಅಲ್ಲಿರುವ ಪ್ರತಿಯೊಬ್ಬರೂ ಸ್ವರ್ಗಕ್ಕೆ ಹೋಗೋದು ಖಾತ್ರಿ. ಅಲ್ಲಿ ಎಷ್ಟು ವರ್ಷ, ಬೆಂಕಿ ಎಂಥದ್ದು ಅನ್ನೋ ಲೆಕ್ಕಾಚಾರಕ್ಕೆ ಧರ್ಮಸಭೆ ಹೋಗಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಹೇಳಿದ್ದು ಮುಖ್ಯವಾಗಿ ಎರಡೇ ಮಾತು: ಅಂಥ ಸ್ಥಿತಿ ಇದೆ, ಅಲ್ಲಿರುವವರಿಗೆ ಬದುಕಿರುವವರ ಪ್ರಾರ್ಥನೆಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬಲಿಪೂಜೆಯಿಂದ, ನೆರವು ಸಿಗುತ್ತೆ. ಬರೀ ಕುತೂಹಲದ, ಮೂಢನಂಬಿಕೆಯ, ದುಡ್ಡಿನಾಸೆಯ ಮಾತುಗಳನ್ನು ಬೋಧನೆಗೆ ತರಬೇಡಿ ಅಂತಲೂ ಅದೇ ಸಭೆ ತಾಕೀತು ಮಾಡಿತು.

ನಾನು ಎಂಜಿನಿಯರಿಂಗ್ ಓದಿದವನು. ಯಾವ ವ್ಯವಸ್ಥೆ ಕಂಡರೂ ಏನು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತೆ ಅಂತ ಕೇಳೋ ಚಟ. ಇಲ್ಲಿ ಹರಿಯೋದು ಪ್ರಾರ್ಥನೆ. ನಾವು ಶುದ್ಧೀಕರಣದಲ್ಲಿ ಇರುವವರಿಗಾಗಿ ಬೇಡುತ್ತೇವೆ. ಸಂತರು ನಮಗಾಗಿ ಬೇಡುತ್ತಾರೆ. ಸಂತರಿಗೆ ನಮ್ಮಿಂದ ಗೌರವ ಸಲ್ಲುತ್ತೆ, ಅವರಿಗೆ ನಮ್ಮ ನೆರವು ಬೇಕಿಲ್ಲ. ನಾವು ಯಾರಿಗಾಗಿ ಬೇಡಿದೆವೋ ಅವರ ಬೇಡಿಕೆಯೂ ನಮ್ಮ ಪರವಾಗಿ ಫಲಿಸುತ್ತೆ ಅಂತ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತೆ. ಆದರೆ ಸತ್ತವರನ್ನು ಕರೆದು ಮಾತಾಡಿಸೋದು, ಮೈಮೇಲೆ ಬರಿಸಿಕೊಳ್ಳೋದು, ಭವಿಷ್ಯ ಕೇಳೋದು ಖಡಾಖಂಡಿತ ನಿಷಿದ್ಧ. ಎಲ್ಲ ಬೇಡಿಕೆಯೂ ದೇವರ ಮೂಲಕವೇ ಹೋಗಬೇಕು. ಸಂತರ ಹತ್ತಿರ ‘ಕೊಡು’ ಅನ್ನೋದಲ್ಲ, ‘ನನಗಾಗಿ ಬೇಡಿಕೊ’ ಅನ್ನೋದು ಕ್ರಮ. (ಭಕ್ತರು ನೇರವಾಗಿ ‘ಕೊಡು’ ಅನ್ನೋದೂ ಉಂಟು. ಯಾವ ಧರ್ಮದಲ್ಲಿ ಇಲ್ಲ ಹೇಳಿ?)

ಕಲಬುರಗಿಯವರಿಗೆ ಇದು ತೀರಾ ಪರಕೀಯ ಅನಿಸಬೇಕಿಲ್ಲ. ನಮ್ಮ ಊರು ಬೆಳೆದಿರೋದೇ ಸಮಾಧಿಗಳ ಸುತ್ತ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಒಂದು ಕಡೆ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗುಡಿ ಇನ್ನೊಂದು ಕಡೆ. ದರ್ಗಾಕ್ಕೆ ಹೋಗುವವರು ಫಾತಿಹಾ ಓದಿ ಅದರ ಪುಣ್ಯವನ್ನು ತೀರಿಕೊಂಡವರಿಗೆ ಮುಟ್ಟಿಸುತ್ತಾರೆ. ಇದು ಸರಿಯೋ ತಪ್ಪೋ ಅಂತ ಮುಸ್ಲಿಮರಲ್ಲೇ ವಾದ ಇದೆ. ಕಥೋಲಿಕರ ನಂಬಿಕೆಗೆ ತೀರಾ ಹತ್ತಿರದ್ದು ಇದೇ. ಲಿಂಗಾಯತರ ದಾರಿ ಬೇರೆ. ಲಿಂಗೈಕ್ಯರಾದವರಿಗೆ ಇಲ್ಲಿಂದ ಕಳಿಸಬೇಕಾದ್ದು ಏನೂ ಇಲ್ಲ, ಶ್ರಾದ್ಧವೂ ಬೇಡ, ಅನ್ನೋದು ತತ್ವ. ನಮ್ಮದು ಲಿಂಗಾಯತ ಮನೆ. ನಮ್ಮ ಅಜ್ಜಿ ಮಾತ್ರ ತತ್ವ ಏನೇ ಹೇಳಲಿ, ಅಮಾವಾಸ್ಯೆಗೆ ಹಿರ್ಯಾರಿಗೆ ಎಡಿ ಹಿಡಿಯೋದು ಬಿಡಲಿಲ್ಲ.

ನಿಜವಾದ ಜಗಳ ಇರೋದು ಕ್ರೈಸ್ತರ ಒಳಗೇ. ಕಲಬುರಗಿ ಕಥೋಲಿಕ ಧರ್ಮಪ್ರಾಂತ್ಯ ಆಗಿದ್ದೇ 2005ರಲ್ಲಿ. ಅದಕ್ಕೂ ಬಹಳ ಮೊದಲೇ, 19ನೇ ಶತಮಾನದ ಕೊನೆಗೆ, ಬೀದರ್ ಸೀಮೆಗೆ ಮೆಥೊಡಿಸ್ಟ್ ಮಿಷನರಿಗಳು ಬಂದಿದ್ದರು. ಹಾಗಾಗಿ ಈ ಭಾಗದಲ್ಲಿ ಕ್ರೈಸ್ತರು ಅಂದರೆ ಮೊದಲು ನೆನಪಾಗೋದು ಮೆಥೊಡಿಸ್ಟರೇ. ಇಬ್ಬರೂ ಅದೇ ವಿಶ್ವಾಸ ಪ್ರಮಾಣ ಹೇಳುತ್ತಾರೆ, ಸಂತರ ಅನ್ಯೋನ್ಯತೆಯ ಸಾಲನ್ನೂ ಸೇರಿಸಿ. ಆದರೆ ಜಾನ್ ವೆಸ್ಲಿ 1784ರಲ್ಲಿ ಕೊಟ್ಟ ಮೆಥೊಡಿಸ್ಟ್ ವಿಧಿಗಳಲ್ಲಿ 14ನೆಯದು ಶುದ್ಧೀಕರಣ ಸ್ಥಳವನ್ನೂ ಸಂತರಿಗೆ ಮೊರೆಯಿಡೋದನ್ನೂ ಸಾರಾಸಗಟಾಗಿ ತಳ್ಳಿಹಾಕುತ್ತೆ. ಸತ್ತವರಿಗಾಗಿ ಬೇಡುವ ಪ್ರಸಂಗ ಇರೋದು ಎರಡನೇ ಮಕ್ಕಬಿಯರ ಗ್ರಂಥದ 12ನೇ ಅಧ್ಯಾಯದಲ್ಲಿ. ಆ ಗ್ರಂಥ ಕಥೋಲಿಕರ ಬೈಬಲ್‌ನಲ್ಲಿದೆ, ಪ್ರೊಟೆಸ್ಟಂಟರ ಬೈಬಲ್‌ನಲ್ಲಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತೆ.

ನನ್ನ ಸ್ನೇಹಿತೆಯೊಬ್ಬಳ ತವರು ಕಮಲಾಪುರ, ಮೆಥೊಡಿಸ್ಟ್ ಮನೆ. ಮದುವೆಯಾಗಿ ಬಂದಿದ್ದು ಕಲಬುರಗಿಯ ಕಥೋಲಿಕ ಮನೆಗೆ. 2021ರ ಮೇ ತಿಂಗಳಲ್ಲಿ ಅವಳ ತಂದೆ ಕೋವಿಡ್‌ನಿಂದ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಕಮಲಾಪುರಕ್ಕೆ ಒಯ್ದು ಮಣ್ಣು ಮಾಡುವಾಗ ಇದ್ದವರು ನಾಲ್ಕೈದು ಜನ. ಅವಳಿಗೂ ಪಾಸಿಟಿವ್ ಆಗಿತ್ತು, ಹೋಗಲಿಲ್ಲ. ಆ ವರ್ಷ ನವೆಂಬರ್‌ನಲ್ಲಿ ಅಪ್ಪನ ಹೆಸರಿಗೆ ಒಂದು ಬಲಿಪೂಜೆ ಕೊಡಿಸ್ತೀನಿ ಅಂದಳು. ಅಣ್ಣನಿಗೆ ಸಿಟ್ಟು ಬಂತು. ‘ಅಪ್ಪ ಪ್ರಭು ಹತ್ರ ಹೋಗ್ಯಾರ ಅಂತ ನಿನಗ ನಂಬಿಕಿ ಇಲ್ಲೇನು?’ ಅಂದ. ಅವಳ ಉತ್ತರ: ‘ನಂಬಿಕಿ ಅದ ಅಣ್ಣಾ. ಆದ್ರ ಅಪ್ಪನ ಸಲುವಾಗಿ ನಾ ಏನೂ ಮಾಡ್ಲಿಕ್ಕ ಆಗ್ಲಿಲ್ಲಲ್ಲ.’

ಅಣ್ಣನ ಮಾತಿನಲ್ಲಿ ಹುರುಳಿದೆ. ಕ್ರಿಸ್ತನೊಬ್ಬನೇ ಮಧ್ಯಸ್ಥ, ರಕ್ಷಣೆ ಅವನ ಕೃಪೆಯಿಂದ ಮಾತ್ರ ಅಂತ ನಂಬಿದವನಿಗೆ ‘ಇನ್ನೂ ಸ್ವಲ್ಪ ಬಾಕಿ ಇದೆ’ ಅನ್ನೋ ಮಾತು ಅಪ್ಪನಿಗೆ ಮಾಡಿದ ಅವಮಾನದ ಥರ ಕೇಳುತ್ತೆ. ಇತಿಹಾಸವೂ ಅವನ ಕಡೆಗೇ ಸಾಕ್ಷಿ ಹೇಳುತ್ತೆ. 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದಿದ್ದು ಇಂಡಲ್ಜೆನ್ಸ್, ಅಂದರೆ ಪಾಪ ಕ್ಷಮೆಯಾದ ಮೇಲೂ ಉಳಿಯುವ ದಂಡದ ಮಾಫಿ, ರೋಮಿನ ಸಂತ ಪೇತ್ರರ ಚರ್ಚ್ ಕಟ್ಟೋ ದುಡ್ಡಿಗಾಗಿ ಬಿಕರಿಯಾಗುತ್ತಿದ್ದಾಗ. ದುಡ್ಡಿಗೆ ಕೊಡೋದನ್ನು 1567ರಲ್ಲಿ ಐದನೇ ಪಿಯುಸ್ ಪೋಪ್ ರದ್ದು ಮಾಡಿದರು. ಇಂಡಲ್ಜೆನ್ಸ್ ಮಾತ್ರ ಉಳಿಯಿತು.

ಆದರೂ ನನಗೆ ತಂಗಿಯ ಕಡೆಯ ವಾದವೇ ಹೆಚ್ಚು ಒಪ್ಪಿಗೆ, ನಂಬಿಕೆಯ ಲೆಕ್ಕ ಬಿಟ್ಟು ನೋಡಿದರೂ. ಅವಳು ಬಾಕಿ ತೀರಿಸೋ ಮಾತು ಆಡುತ್ತಿರಲಿಲ್ಲ. ಅಪ್ಪನ ಜೊತೆಗಿನ ಸಂಬಂಧದಲ್ಲಿ ತನಗೆ ಇನ್ನೂ ಒಂದು ಕೆಲಸ ಉಳಿದಿದೆಯಾ ಅಂತ ಕೇಳುತ್ತಿದ್ದಳು. ಈ ಸಿದ್ಧಾಂತ ಅದಕ್ಕೆ ಉಳಿದಿದೆ ಅನ್ನುತ್ತೆ. ಅಷ್ಟೇ ಅಲ್ಲ, ಅದನ್ನು ಎಲ್ಲಿಂದ ಬೇಕಾದರೂ ಮಾಡಬಹುದು ಅನ್ನುತ್ತೆ. ದುಡಿಯೋಕೆ ಮುಂಬೈ, ಪುಣೆ, ಹೈದರಾಬಾದ್ ಅಂತ ಗುಳೇ ಹೋಗೋ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ದೇಶದ ಮೊದಲ ಕೋವಿಡ್ ಸಾವು ಅಂತ 2020ರ ಮಾರ್ಚ್‌ನಲ್ಲಿ ದಾಖಲಾಗಿದ್ದು ಕಲಬುರಗಿಯವರೊಬ್ಬರದು. ಹತ್ತಿರ ಹೋಗದೆ ಬೀಳ್ಕೊಡೋದು ಅಂದರೇನು ಅಂತ ಈ ಊರು ದೇಶಕ್ಕಿಂತ ಮೊದಲು ಕಂಡಿತ್ತು.

ರೋಮ್ ಕೂಡ ಆ ವರ್ಷ ಬಗ್ಗಿತು. ಸಾಮಾನ್ಯವಾಗಿ ನವೆಂಬರ್ 1ರಿಂದ 8ರೊಳಗೆ ಸ್ಮಶಾನಕ್ಕೆ ಹೋಗಿ ಪ್ರಾರ್ಥಿಸಿದವರು ಸತ್ತವರ ಹೆಸರಿಗೆ ಪೂರ್ಣ ಇಂಡಲ್ಜೆನ್ಸ್ ಪಡೆಯಬಹುದು. ಪಾಪನಿವೇದನೆ, ಪರಮಪ್ರಸಾದ, ಪೋಪರ ಆಶಯಗಳಿಗಾಗಿ ಪ್ರಾರ್ಥನೆ ಜೊತೆಗಿರಬೇಕು. 2020ರ ಅಕ್ಟೋಬರ್‌ನಲ್ಲಿ ಹೊರಟ ಆದೇಶ ಅದನ್ನು ಇಡೀ ನವೆಂಬರ್ ತಿಂಗಳಿಗೆ ವಿಸ್ತರಿಸಿತು. ಮನೆ ಬಿಟ್ಟು ಹೊರಡಲಾಗದವರು ಯೇಸುವಿನ ಅಥವಾ ಮರಿಯಮ್ಮನವರ ಚಿತ್ರದ ಮುಂದೆ ಪ್ರಾರ್ಥಿಸಿದರೂ ಸಾಕು, ಉಳಿದ ನಿಯಮಗಳನ್ನು ಆದಷ್ಟು ಬೇಗ ಪೂರೈಸೋ ಮನಸ್ಸಿದ್ದರೆ ಆಯಿತು ಅಂದಿತು.

ಇನ್ನು ಅಪ್ಪ ಕಥೋಲಿಕರೇ ಅಲ್ಲವಲ್ಲ, ಅವರಿಗೆ ಬಲಿಪೂಜೆ ನಡೆಯುತ್ತಾ? ನಡೆಯುತ್ತೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 901ನೇ ವಿಧಿ ಒಂದೇ ಸಾಲಿನದು: ಬದುಕಿರಲಿ, ಸತ್ತಿರಲಿ, ಯಾರಿಗಾಗಿಯಾದರೂ ಗುರು ಬಲಿಪೂಜೆ ಅರ್ಪಿಸಬಹುದು. ಜಾತಿ, ಪಂಥ, ಧರ್ಮದ ಷರತ್ತು ಅದರಲ್ಲಿಲ್ಲ. ಕಾಣಿಕೆ ಕೊಡೋ ಪದ್ಧತಿ ಇದೆ. ಆದರೆ ಕಾಣಿಕೆ ಕೊಡಲಾಗದ ಬಡವರಿಗಾಗಿಯೂ ಪೂಜೆ ಅರ್ಪಿಸಿ ಅಂತ 945ನೇ ವಿಧಿ ಗುರುಗಳಿಗೆ ಒತ್ತಿ ಹೇಳುತ್ತೆ.

ಸ್ನೇಹಿತೆ ಪೂಜೆ ಕೊಡಿಸಿದಳು. ಅಣ್ಣ ಬರಲಿಲ್ಲ. ಅದೇ ವಾರ ಕಮಲಾಪುರದಲ್ಲಿ ಅವನೇ ಅಪ್ಪನ ಗೋರಿಗೆ ಸುಣ್ಣ ಬಳಿಸಿ, ಅದರ ಫೋಟೊ ವಾಟ್ಸ್ಆಪ್‌ನಲ್ಲಿ ಅವಳಿಗೆ ಕಳಿಸಿದ.