ಹೊಟ್ಟೆಯಲ್ಲಿರುವ ಮಗುವಿಗೆ ಪಾಠ: ನೂರು ವರ್ಷಗಳ ಸಂಶೋಧನೆ ಹೇಳುವುದೇನು?

ಸುಭದ್ರೆಯ ಹೊಟ್ಟೆಯಲ್ಲಿದ್ದಾಗಲೇ ಅಭಿಮನ್ಯು ಚಕ್ರವ್ಯೂಹದ ಗುಟ್ಟು ಕೇಳಿಸಿಕೊಂಡ, ಕಯಾಧುವಿನ ಗರ್ಭದಲ್ಲಿದ್ದಾಗಲೇ ಪ್ರಹ್ಲಾದನಿಗೆ ನಾರದರ ಉಪದೇಶವಾಯಿತು ಎಂಬ ಕಥೆಗಳನ್ನು ಕೇಳುತ್ತ ಬೆಳೆದವರು ನಾವು. ಹೀಗಾಗಿ ಮಗು ಹುಟ್ಟುವ ಮೊದಲೇ ಕಲಿಯುತ್ತದೆ ಎಂದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಂದು ಅದೇ ನಂಬಿಕೆಯ ಮೇಲೆ ಗರ್ಭಸಂಸ್ಕಾರದ ತರಗತಿಗಳು, ಮೊಬೈಲ್ ಆ್ಯಪ್‌ಗಳು, ಹೊಟ್ಟೆಯ ಮೇಲಿಡುವ ಸ್ಪೀಕರ್‌ಗಳು ಮಾರುಕಟ್ಟೆಗೆ ಬಂದಿವೆ. ಇವುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತಿಳಿಯಬೇಕಾದರೆ ಈ ಶೋಧ ನಡೆದು ಬಂದ ದಾರಿಯನ್ನು ನೋಡಬೇಕು.

ಕೇಳಿಸುತ್ತದೆಯೇ?

ನಾಲ್ಕನೆಯ ತಿಂಗಳ ಹೊತ್ತಿಗೆ ಬಸುರಿಯಲ್ಲಿ ಎರಡು ಹೃದಯಗಳಿರುತ್ತವೆ, ಅವಳ ಬಯಕೆಗಳನ್ನು ತೀರಿಸಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಭ್ರೂಣದ ಇಂದ್ರಿಯಗಳನ್ನು ಪ್ರಯೋಗದಿಂದ ಪರೀಕ್ಷಿಸುವ ಕೆಲಸ ಮಾತ್ರ ಇಪ್ಪತ್ತನೆಯ ಶತಮಾನದ್ದು. 1925ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಆಲ್ಬ್ರೆಕ್ಟ್ ಪೈಪರ್ ಗರ್ಭಿಣಿಯರ ಬಳಿ ಕಾರಿನ ಹಾರ್ನ್ ಬಾರಿಸಿ, ಒಳಗಿನ ಮಗು ಮಿಸುಕುವುದನ್ನು ದಾಖಲಿಸಿದರು. 1930ರ ದಶಕದಲ್ಲಿ ಅಮೆರಿಕದ ಓಹಾಯೊ ರಾಜ್ಯದ ಫೆಲ್ಸ್ ಸಂಸ್ಥೆಯಲ್ಲಿ ಸೊಂಟಾಗ್ ಮತ್ತು ವಾಲೆಸ್, ಕಂಪನ ತಾಗಿದಾಗ ಭ್ರೂಣದ ಚಲನೆ ಹೇಗೆ ಬದಲಾಗುತ್ತದೆಂದು ಅಳೆದರು. ಮುಂದೆ ಅಲ್ಟ್ರಾಸೌಂಡ್ ಸ್ಕ್ಯಾನ್ ಬಂದ ಮೇಲೆ ಅದನ್ನು ಕಣ್ಣಾರೆ ಕಾಣುವಂತಾಯಿತು.

ಇಂದು ತಿಳಿದಿರುವ ಪ್ರಕಾರ, ಸುಮಾರು ಆರನೆಯ ತಿಂಗಳು ತುಂಬುವ ಹೊತ್ತಿಗೆ ಮಗು ಸದ್ದಿಗೆ ಸ್ಪಂದಿಸತೊಡಗುತ್ತದೆ. ತಾಯಿಯ ಹೊಟ್ಟೆಯ ಪದರ ಮತ್ತು ಗರ್ಭದ ನೀರು ಕೀರಲು ಸದ್ದನ್ನು ತಡೆದು, ತಗ್ಗಿನ ಸ್ವರವನ್ನು ಒಳಗೆ ಬಿಡುತ್ತವೆ. ಆದ್ದರಿಂದ ಮಗುವಿಗೆ ಮಾತಿನ ಅಕ್ಷರಗಳಿಗಿಂತ ಅದರ ಏರಿಳಿತ ಮತ್ತು ಲಯ ಹೆಚ್ಚು ತಲುಪುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ತಲುಪುವುದು ಅಮ್ಮನ ದನಿ, ಏಕೆಂದರೆ ಅದು ಅವಳ ದೇಹದೊಳಗಿನಿಂದಲೇ ಹರಿದು ಹೋಗುತ್ತದೆ.

ನೆನಪಿರುತ್ತದೆಯೇ?

ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು 1980ರಲ್ಲಿ. ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಆಗ ತಾನೇ ಹುಟ್ಟಿದ ಶಿಶುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು, ಚೀಪುವ ರೀತಿ ಬದಲಾದಂತೆ ಅಮ್ಮನ ದನಿಯೋ ಬೇರೆ ಹೆಂಗಸಿನ ದನಿಯೋ ಕೇಳುವಂತೆ ಏರ್ಪಾಡು ಮಾಡಿದರು. ಶಿಶುಗಳು ಅಮ್ಮನ ದನಿ ಕೇಳಿಸುವಂತೆ ಚೀಪಿದವು. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಸಿರಿನ ಕೊನೆಯ ಆರು ವಾರ ತಾಯಂದಿರು ಗಟ್ಟಿಯಾಗಿ ಓದಿದ ಕಥೆಯನ್ನೇ, ಹುಟ್ಟಿದ ಮೇಲೆ ಶಿಶುಗಳು ಹೊಸ ಕಥೆಗಿಂತ ಹೆಚ್ಚು ಬಯಸಿದವು. ಬೇರೆ ಹೆಂಗಸಿನ ದನಿಯಲ್ಲಿ ಕೇಳಿಸಿದರೂ ಅವುಗಳ ಒಲವು ಬದಲಾಗಲಿಲ್ಲ.

ಬಳಿಕ ಸಾಕ್ಷ್ಯಗಳು ಒಂದರ ಹಿಂದೊಂದು ಬಂದವು. ಫ್ರೆಂಚ್ ಮತ್ತು ಜರ್ಮನ್ ಶಿಶುಗಳ ಅಳುವಿನ ಧಾಟಿಯೇ ಅವರವರ ತಾಯ್ನುಡಿಯ ಏರಿಳಿತವನ್ನು ಹೋಲುತ್ತದೆ ಎಂದು 2009ರ ಅಧ್ಯಯನವೊಂದು ತೋರಿಸಿತು. 2013ರಲ್ಲಿ ಹೆಲ್ಸಿಂಕಿಯ ಸಂಶೋಧಕರು, ಗರ್ಭದಲ್ಲಿ ಮತ್ತೆ ಮತ್ತೆ ಕೇಳಿಸಿದ 'ತತತ' ಎಂಬ ಕೃತಕ ಪದದ ಗುರುತು ನವಜಾತ ಶಿಶುವಿನ ಮಿದುಳಿನಲ್ಲಿ ಉಳಿದಿರುವುದನ್ನು ಕಂಡರು. ರುಚಿಯದೂ ಇದೇ ಕಥೆ. ಬಸಿರಿನಲ್ಲಿ ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ, ಅನ್ನ ಶುರು ಮಾಡುವ ವಯಸ್ಸಿನಲ್ಲಿ ಮಗು ಕ್ಯಾರೆಟ್ ರುಚಿಯ ಗಂಜಿಗೆ ಅಷ್ಟಾಗಿ ಮುಖ ಸಿಂಡರಿಸುವುದಿಲ್ಲ ಎಂದು ಜೂಲಿ ಮೆನ್ನೆಲ್ಲಾ ಅವರ ತಂಡ 2001ರಲ್ಲಿ ಪ್ರಕಟಿಸಿತು.

ಜಾಣರನ್ನಾಗಿ ಮಾಡಬಹುದೇ?

ಮಗು ಗುರುತು ಹಿಡಿಯುತ್ತದೆ ಎಂಬ ಮಾತಿಗೂ ಪಾಠ ಹೇಳಿದರೆ ಬುದ್ಧಿವಂತವಾಗುತ್ತದೆ ಎಂಬ ಮಾತಿಗೂ ಬಹಳ ಅಂತರವಿದೆ. ಮಾರುಕಟ್ಟೆ ಈ ಅಂತರವನ್ನು ಒಂದೇ ನೆಗೆತಕ್ಕೆ ದಾಟಿತು. ಕ್ಯಾಲಿಫೋರ್ನಿಯಾದ ಪ್ರಸೂತಿ ವೈದ್ಯ ರೆನೆ ವ್ಯಾನ್ ಡಿ ಕಾರ್ 1979ರಲ್ಲೇ ಗರ್ಭಸ್ಥ ಶಿಶುಗಳಿಗಾಗಿ 'ವಿಶ್ವವಿದ್ಯಾಲಯ'ವನ್ನೇ ತೆರೆದರು. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೊಜಾರ್ಟ್ ಸಂಗೀತದ ಪ್ರಯೋಗ ಅಚ್ಚಾಯಿತು. ಅದರಲ್ಲಿ ಪಾಲ್ಗೊಂಡವರು 36 ಕಾಲೇಜು ವಿದ್ಯಾರ್ಥಿಗಳು. ಆಕಾರಗಳನ್ನು ಊಹಿಸಿಕೊಳ್ಳುವ ಒಂದು ಬಗೆಯ ಪರೀಕ್ಷೆಯಲ್ಲಿ ಅವರಿಗೆ ಬಂದ ಲಾಭ ಕಾಲು ಗಂಟೆಯೂ ಉಳಿಯಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಪ್ರತಿ ನವಜಾತ ಶಿಶುವಿಗೂ ಸಂಗೀತದ ಸಿ.ಡಿ. ಕೊಡಲು ಬಜೆಟ್‌ನಲ್ಲಿ ಹಣ ಕೇಳಿದರು. ಹೊಟ್ಟೆಯ ಮೇಲೆ ಹೆಡ್‌ಫೋನ್ ಇಡುವ ರೂಢಿ ಜಗತ್ತಿಗೇ ಹಬ್ಬಿತು. 2010ರಲ್ಲಿ ವಿಯೆನ್ನಾದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಮೊಜಾರ್ಟ್ ಸಂಗೀತಕ್ಕೆಂದೇ ವಿಶೇಷ ಶಕ್ತಿಯಿರುವ ಸುಳಿವು ಸಿಗಲಿಲ್ಲ.

ಗರ್ಭದಲ್ಲಿ ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಶಾಶ್ವತವಾಗಿ ಹೆಚ್ಚುತ್ತದೆ ಎಂಬುದಕ್ಕೆ ಇಂದಿಗೂ ಭದ್ರವಾದ ಪುರಾವೆಯಿಲ್ಲ. ದಿನ ತುಂಬುತ್ತಿರುವ ಮಗು ಬಹುಪಾಲು ಹೊತ್ತು ನಿದ್ದೆಯಲ್ಲಿರುತ್ತದೆ. ಅದರ ನಿದ್ದೆ ಕೆಡಿಸಿ ಸ್ಪೀಕರ್ ಹಚ್ಚಬೇಕಾದ ಅಗತ್ಯ ಯಾವ ತಾಯಿಗೂ ಇಲ್ಲ.

ಬೆಳೆಸುವುದು ಯಾವುದು?

ಇದೇ ಕಾಲದಲ್ಲಿ ಇನ್ನೊಂದು ಸಂಶೋಧನೆಯ ಧಾರೆ ಸದ್ದಿಲ್ಲದೆ ದೊಡ್ಡ ಉತ್ತರಗಳನ್ನು ಕೊಟ್ಟಿತು. ಪಪುವಾ ನ್ಯೂಗಿನಿಯಲ್ಲಿ ಗರ್ಭಕ್ಕೆ ಮೊದಲೇ ತಾಯಂದಿರಿಗೆ ಅಯೋಡಿನ್ ಕೊಟ್ಟರೆ ಮಕ್ಕಳಲ್ಲಿ ತೀವ್ರ ಬುದ್ಧಿಮಾಂದ್ಯ ತಪ್ಪುತ್ತದೆ ಎಂದು 1971ರಲ್ಲಿ ಸಾಬೀತಾಯಿತು. ಬೆನ್ನುಹುರಿ, ಮಿದುಳಿನ ಜನ್ಮದೋಷವಿದ್ದ ಶಿಶು ಹಿಂದೆ ಹುಟ್ಟಿದ್ದ ತಾಯಂದಿರಲ್ಲಿ ಫೋಲಿಕ್ ಆಮ್ಲವು ಆ ದೋಷ ಮರುಕಳಿಸುವುದನ್ನು ಶೇ. 72ರಷ್ಟು ತಗ್ಗಿಸುತ್ತದೆ ಎಂದು 1991ರ ಬ್ರಿಟಿಷ್ ಪ್ರಯೋಗ ತೋರಿಸಿತು.

ಈ ಧಾರೆಯಲ್ಲಿ ಮೈಸೂರಿಗೂ ಗೌರವದ ಸ್ಥಾನವಿದೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ ಎನಿಸಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಕಡತಗಳನ್ನು ಹಿಡಿದು ಕೆರೊಲಿನ್ ಫಾಲ್ ಮತ್ತು ಸಂಗಡಿಗರು ದೊಡ್ಡವರಾಗಿದ್ದ ಆ ಮಕ್ಕಳನ್ನು ಹುಡುಕಿದರು. ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿರುವುದು 1996ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಇನ್ನೊಂದು ಮಾತು ಸೇರಿಸಿತು: ಬಸಿರಿನಲ್ಲಿ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳು ಒಂಬತ್ತು–ಹತ್ತು ವರ್ಷದವರಾದಾಗ ನೆನಪು, ಕಲಿಕೆಯ ಪರೀಕ್ಷೆಗಳಲ್ಲಿ ಮುಂದಿದ್ದರು. ಇದರಿಂದಲೇ ಕಾರಣ–ಕಾರ್ಯ ಸಂಬಂಧ ಸಿದ್ಧವಾಗದು. ಆದರೂ ಮಗುವಿನ ಬುದ್ಧಿಯ ಬೇರನ್ನು ತಾಯಿಯ ತಟ್ಟೆಯಲ್ಲಿ ಹುಡುಕಬೇಕು ಎಂಬ ಅರಿವನ್ನು ಅದು ಬಲಪಡಿಸಿತು.

ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 52 ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. 2017ರಲ್ಲಿ ಕರ್ನಾಟಕ ಆರಂಭಿಸಿದ ಮಾತೃಪೂರ್ಣ ಯೋಜನೆ, ಅಂಗನವಾಡಿಯಲ್ಲಿ ಬಸುರಿ–ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಕೊಡುವಾಗ ಒಳಗಿನ ಮಗುವಿನ ಮಿದುಳಿಗೂ ಉಣಿಸುತ್ತಿದೆ.

ತಾಯಿ ಹಾಡಲಿ, ಓದಲಿ, ಹೊಟ್ಟೆ ಸವರುತ್ತ ಮಾತಾಡಲಿ. ಅದರಿಂದ ಅವಳಿಗೆ ನೆಮ್ಮದಿ, ಮಗುವಿಗೆ ಅವಳ ದನಿಯ ಪರಿಚಯ. ಅದಕ್ಕೆ ಯಾವ ಉಪಕರಣವೂ ಬೇಡ. ಮನೆಯವರಲ್ಲಿ ಒಂದು ಕೋರಿಕೆ: ಸ್ಪೀಕರಿಗೆ ತೆಗೆದಿಟ್ಟ ಹಣವನ್ನು ಸೊಪ್ಪು, ಬೇಳೆ, ಹಾಲು, ಮೊಟ್ಟೆಗೆ ಖರ್ಚು ಮಾಡಿ. ಕಬ್ಬಿಣಾಂಶದ ಮಾತ್ರೆ, ಫೋಲಿಕ್ ಆಮ್ಲ, ಅಯೋಡಿನ್ ಉಪ್ಪು ತಪ್ಪದಂತೆ ನೋಡಿಕೊಳ್ಳಿ. ತಪಾಸಣೆಗೆ ಜೊತೆಯಲ್ಲಿ ಹೋಗಿ, ಮನೆಗೆಲಸದ ಭಾರ ಇಳಿಸಿ, ಅವಳನ್ನು ನಿದ್ದೆ ಮಾಡಲು ಬಿಡಿ. ಹುಟ್ಟುವ ಮುನ್ನ ಮಗುವಿನ ಬೆಳವಣಿಗೆಗೆ ಒತ್ತಾಸೆ ಕೊಡುವ ಇಷ್ಟು ಖಚಿತವಾದ ದಾರಿ ಮತ್ತೊಂದಿಲ್ಲ.