ಎಣಿಸಿದ ಅಂಕ, ಬಂದ ರ‍್ಯಾಂಕ್: ಸಿಇಟಿ ಮತ್ತು ನೀಟ್ ನಿರೀಕ್ಷೆಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ಪ್ರವೇಶ ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ಪಿಯು ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಎರಡು ವಿವರಣೆಗಳು ಸಿದ್ಧವಾಗಿರುತ್ತವೆ. ‘ಅವನಿಗೆ ಓವರ್ ಕಾನ್ಫಿಡೆನ್ಸ್’ ಎನ್ನುವುದು ಒಂದು. ‘ಈ ಸಲ ಪೇಪರ್ ಟಫ್ ಇತ್ತು’ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಎರಡೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತವೆ.

ನಿರೀಕ್ಷೆ ಮತ್ತು ಫಲಿತಾಂಶದ ನಡುವಿನ ಅಂತರವನ್ನು ಮೂರಾಗಿ ಬಿಡಿಸಿ ನೋಡುವುದು ಈ ಟಿಪ್ಪಣಿಯ ಉದ್ದೇಶ. ಪರೀಕ್ಷೆಗೆ ಮೊದಲು ವಿದ್ಯಾರ್ಥಿ ಅಂದುಕೊಂಡಿದ್ದಕ್ಕೂ ಬರೆದು ಬಂದದ್ದಕ್ಕೂ ಇರುವುದು ಮೊದಲನೆಯ ಅಂತರ. ಕೀ ಉತ್ತರ ನೋಡಿ ಎಣಿಸಿದ ಅಂಕಕ್ಕೂ ಪ್ರಕಟವಾದ ಅಂಕಕ್ಕೂ ಇರುವುದು ಎರಡನೆಯದು. ಆ ಅಂಕಕ್ಕೆ ಸಿಗುತ್ತದೆಂದು ನಂಬಿದ್ದ ರ‍್ಯಾಂಕಿಗೂ ನಿಜವಾಗಿ ಬಂದ ರ‍್ಯಾಂಕಿಗೂ ಇರುವುದು ಮೂರನೆಯದು. ಕರ್ನಾಟಕದ ಸಿಇಟಿ ಮತ್ತು ದೇಶವ್ಯಾಪಿ ನೀಟ್ ಪರೀಕ್ಷೆಗಳ ಸಾರ್ವಜನಿಕ ಅಂಕಿಅಂಶಗಳೇ ಇಲ್ಲಿನ ಆಧಾರ. ಇತ್ತೀಚಿನ ವರ್ಷಗಳಲ್ಲಿ ಅತಿ ದೊಡ್ಡ ಏರುಪೇರು ಕಂಡಿರುವುದು ಮೂರನೆಯ ಅಂತರದಲ್ಲಿ, ಮತ್ತು ವಿದ್ಯಾರ್ಥಿಯ ಹತೋಟಿಗೆ ಅತಿ ಕಡಿಮೆ ಸಿಗುವುದೂ ಅದೇ ಎಂಬುದು ಇಲ್ಲಿನ ವಾದ.

2. ಪರೀಕ್ಷೆಗೆ ಮೊದಲಿನ ಅಂದಾಜು

ಈ ಭಾಗದಲ್ಲಿ ಸಂಶೋಧನೆ ಸಾಕಷ್ಟು ನಡೆದಿದೆ. ಡಗ್ಲಸ್ ಹ್ಯಾಕರ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ತರಗತಿ ಅಧ್ಯಯನದಲ್ಲಿ, ಹೆಚ್ಚು ಅಂಕ ಪಡೆಯುವವರ ಅಂದಾಜು ನಿಜಕ್ಕೆ ಹತ್ತಿರವಿತ್ತು. ಕಡಿಮೆ ಅಂಕ ಪಡೆಯುವವರು ತಮ್ಮ ಅಂಕವನ್ನು ಬಹಳ ಹೆಚ್ಚಾಗಿ ಅಂದಾಜಿಸಿದ್ದರು. ಇದನ್ನು ಓದಿದೊಡನೆ ‘ಓದದವನಿಗೇ ಧೈರ್ಯ ಜಾಸ್ತಿ’ ಎಂಬ ತೀರ್ಮಾನಕ್ಕೆ ಹಾರುವಂತಿಲ್ಲ. ನೂರಕ್ಕೆ ಹತ್ತು ಅಂಕ ಪಡೆದವನು ತಪ್ಪಿದರೆ ಬಹುಪಾಲು ಮೇಲಕ್ಕೇ ತಪ್ಪಬೇಕು, ಕೆಳಗೆ ಜಾಗವಿಲ್ಲ. ತೊಂಬತ್ತೈದು ಪಡೆದವನಿಗೆ ಮೇಲೆ ಜಾಗವಿಲ್ಲ. ಅಂಕಪಟ್ಟಿಯ ಎರಡು ತುದಿಗಳೇ ಈ ಚಿತ್ರದ ಒಂದಂಶವನ್ನು ಸೃಷ್ಟಿಸುತ್ತವೆ.

ಅಂದಾಜಿನ ತಪ್ಪು ಹದಿಹರೆಯದವರಿಗೆ ಮಾತ್ರ ಅಂಟಿದ ಗುಣವೂ ಅಲ್ಲ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯದ ಅರ್ಜಿಗೆ ಶಿಕ್ಷಕರೇ ಎ ಲೆವೆಲ್ ಗ್ರೇಡುಗಳನ್ನು ಮುಂದಾಗಿ ಊಹಿಸಿ ಕೊಡುತ್ತಾರೆ. ಗಿಲ್ ವೈನೆಸ್ 2016ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಕೇವಲ ಶೇ. 16ರಷ್ಟು ಅರ್ಜಿದಾರರಿಗೆ ಮಾತ್ರ ಊಹೆ ಸರಿಹೊಂದಿತ್ತು, ಸುಮಾರು ಶೇ. 75ರಷ್ಟು ಮಂದಿಗೆ ನಿಜದ ಫಲಿತಾಂಶಕ್ಕಿಂತ ಹೆಚ್ಚಿನ ಗ್ರೇಡನ್ನು ಊಹಿಸಲಾಗಿತ್ತು. ವರ್ಷಗಟ್ಟಲೆ ಪಾಠ ಮಾಡಿದ ಶಿಕ್ಷಕರದೇ ಈ ಕಥೆಯಾದರೆ, ಹದಿನೇಳರ ಹುಡುಗಿಯ ಅಂದಾಜು ತಪ್ಪಿದ್ದನ್ನು ಸ್ವಭಾವದೋಷವೆಂದು ಕರೆಯಲು ಆಧಾರ ಸಾಲದು.

3. ಕೀ ಉತ್ತರದ ನಂತರದ ಎಣಿಕೆ

ಪರೀಕ್ಷೆ ಮುಗಿದ ಸಂಜೆಯೇ ಕೋಚಿಂಗ್ ಸಂಸ್ಥೆಗಳ ಕೀ ಉತ್ತರಗಳು ಮೊಬೈಲಿಗೆ ಬಂದು ಬೀಳುತ್ತವೆ. ಸಿಇಟಿಯಲ್ಲಿ ಓಎಂಆರ್ ಹಾಳೆಯ ನಕಲು ಅಭ್ಯರ್ಥಿಯ ಕೈಯಲ್ಲೇ ಇರುತ್ತದೆ. ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲ. ವರ್ಷನ್ ಕೋಡ್ ನೋಡಿಕೊಂಡು ತಾಳೆ ಹಾಕಿದರೆ ಎಣಿಕೆ ಹೆಚ್ಚೆಂದರೆ ಒಂದೆರಡು ಅಂಕ ಆಚೀಚೆಯಾದೀತು.

ನೀಟ್‌ನಲ್ಲಿ ಹಾಗಲ್ಲ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 180ರಲ್ಲಿ 150 ಸರಿ, 30 ತಪ್ಪು ಎಂದು ಎಣಿಸಿದವರಿಗೆ 570 ಅಂಕ. ಸರಿ ಎಂದು ಗುರುತು ಹಾಕಿಕೊಂಡವುಗಳಲ್ಲಿ ಐದು ತಪ್ಪಾಗಿದ್ದರೆ ಹೋಗುವುದು 20 ಅಲ್ಲ, 25. ಅಂದರೆ ಪ್ರತಿ ತಪ್ಪೆಣಿಕೆಯ ಬೆಲೆ ಐದು ಅಂಕ.

ಎಣಿಕೆ ಸರಿಯಿದ್ದರೂ ಫಲಿತಾಂಶ ಬದಲಾಗಬಹುದು ಎಂಬುದಕ್ಕೆ 2024 ಎರಡು ನಿದರ್ಶನಗಳನ್ನು ಕೊಟ್ಟಿತು.

ಮೊದಲನೆಯದು ನೀಟ್‌ನ ಭೌತಶಾಸ್ತ್ರದ ಪರಮಾಣು ಕುರಿತ ಒಂದು ಪ್ರಶ್ನೆ. ಎನ್‌ಸಿಇಆರ್‌ಟಿ ಪಠ್ಯದ ಹಳೆಯ ಆವೃತ್ತಿಯ ಪ್ರಕಾರ ಒಂದು ಉತ್ತರ, ಹೊಸ ಆವೃತ್ತಿಯ ಪ್ರಕಾರ ಇನ್ನೊಂದು. ಎರಡನ್ನೂ ಸರಿಯೆಂದು ಒಪ್ಪಿ ಜೂನ್ 4ರಂದು ಫಲಿತಾಂಶ ಕೊಡಲಾಗಿತ್ತು. ಸುಪ್ರೀಂ ಕೋರ್ಟ್ ಸೂಚನೆಯಂತೆ ಐಐಟಿ ದೆಹಲಿಯ ತಜ್ಞರು ಒಂದೇ ಉತ್ತರ ಸರಿ ಎಂದರು. ಹಳೆಯ ಪಠ್ಯವನ್ನು ನೆಚ್ಚಿದ್ದ ಸುಮಾರು 4.2 ಲಕ್ಷ ಅಭ್ಯರ್ಥಿಗಳ 5 ಅಂಕಗಳು ಒಮ್ಮೆಗೇ ಹೋದವು. ಸಮಯ ನಷ್ಟಕ್ಕೆಂದು 1,563 ಮಂದಿಗೆ ಕೊಟ್ಟಿದ್ದ ಕೃಪಾಂಕ ಅದಕ್ಕೂ ಮೊದಲೇ ರದ್ದಾಗಿತ್ತು. 720ಕ್ಕೆ 720 ಪಡೆದವರೆಂದು ಮೊದಲು ಘೋಷಿಸಿದ್ದ 67 ಮಂದಿಯ ಪಟ್ಟಿ, ಜುಲೈ ಕೊನೆಯ ಪರಿಷ್ಕೃತ ಫಲಿತಾಂಶದಲ್ಲಿ 17ಕ್ಕೆ ಇಳಿಯಿತು.

ಎರಡನೆಯದು ಅದೇ ವರ್ಷದ ಸಿಇಟಿ. ಏಪ್ರಿಲ್ 18 ಮತ್ತು 19ರಂದು ನಡೆದ ಪರೀಕ್ಷೆಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳ ಪ್ರಶ್ನೆಗಳು ಬಂದಿದ್ದವು. ಭೌತಶಾಸ್ತ್ರದ 9, ರಸಾಯನಶಾಸ್ತ್ರದ 15, ಗಣಿತದ 15, ಜೀವಶಾಸ್ತ್ರದ 11, ಒಟ್ಟು 50 ಪ್ರಶ್ನೆಗಳನ್ನು ಬಿಟ್ಟು ಉಳಿದವುಗಳಿಗೆ ಮಾತ್ರ ಮೌಲ್ಯಮಾಪನ ಮಾಡಲಾಯಿತು. ಎಂಜಿನಿಯರಿಂಗ್ ಆಕಾಂಕ್ಷಿಗಳ ಮಟ್ಟಿಗೆ 180 ಪ್ರಶ್ನೆಗಳು 141 ಆದವು.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ಇಬ್ಬರು ವಿದ್ಯಾರ್ಥಿನಿಯರು, ಇಬ್ಬರೂ 180ಕ್ಕೆ 100 ಎಣಿಸಿದ್ದಾರೆ, ಅಂದರೆ ಶೇ. 55.6. ಇಬ್ಬರಿಗೂ ಪಿಯುವಿನ ಮೂರು ವಿಷಯಗಳಲ್ಲಿ ಶೇ. 92. ಸಿಇಟಿ ಅರ್ಧ, ಪಿಯು ಅರ್ಧ ಎಂಬ ಸೂತ್ರದಂತೆ ಇಬ್ಬರದೂ 73.8. ಕೈಬಿಟ್ಟ 39 ಪ್ರಶ್ನೆಗಳಲ್ಲಿ ಮೊದಲನೆಯವಳು 12ಕ್ಕೆ ಸರಿ ಉತ್ತರ ಬರೆದಿದ್ದಳು, ಎರಡನೆಯವಳು 30ಕ್ಕೆ. ಈಗ ಮೊದಲನೆಯವಳದು 141ಕ್ಕೆ 88, ಶೇ. 62.4, ಎರಡನೆಯವಳದು 141ಕ್ಕೆ 70, ಶೇ. 49.6. ಪಿಯು ಅಂಕ ಸೇರಿಸಿದರೆ ಒಬ್ಬಳು 77.2ಕ್ಕೆ ಏರಿದಳು, ಇನ್ನೊಬ್ಬಳು 70.8ಕ್ಕೆ ಇಳಿದಳು. ಪಠ್ಯದಾಚೆಗೂ ಓದಿಕೊಂಡಿದ್ದವಳೇ ಹಿಂದೆ ಬಿದ್ದಳು. ಪ್ರಶ್ನೆಗಳನ್ನು ಕೈಬಿಟ್ಟದ್ದು ಪಠ್ಯವನ್ನಷ್ಟೇ ನಂಬಿ ಓದಿದ ಬಹುಸಂಖ್ಯಾತರಿಗೆ ನ್ಯಾಯ ಒದಗಿಸಲು. ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಇಬ್ಬರ ಎಣಿಕೆಯಲ್ಲೂ ಲೋಪವಿರಲಿಲ್ಲ ಎಂಬುದಷ್ಟೇ ಮುಖ್ಯ.

4. ಅಂಕದಿಂದ ರ‍್ಯಾಂಕಿಗೆ

ಸೀಟು ಸಿಗುವುದು ಅಂಕಕ್ಕಲ್ಲ, ರ‍್ಯಾಂಕಿಗೆ. ಆದ್ದರಿಂದ ಎಣಿಸಿದ ಅಂಕವನ್ನು ಮನೆಯವರು ಕೂಡಲೇ ರ‍್ಯಾಂಕಾಗಿ ಪರಿವರ್ತಿಸಿಕೊಳ್ಳುತ್ತಾರೆ. ಅದಕ್ಕೆ ಅವರ ಬಳಿ ಇರುವ ಸಾಧನ ಒಂದೇ: ಹೋದ ವರ್ಷದ ಪಟ್ಟಿ. ಈ ಪಟ್ಟಿ ಎಷ್ಟು ನಂಬಲರ್ಹ ಎಂಬುದನ್ನು ನೀಟ್‌ನ 600 ಅಂಕದ ಮೂರು ವರ್ಷಗಳ ಚರಿತ್ರೆಯೇ ಹೇಳುತ್ತದೆ.

2023ರಲ್ಲಿ 600 ಅಂಕಕ್ಕೆ ಅಖಿಲ ಭಾರತ ಮಟ್ಟದಲ್ಲಿ 30 ಸಾವಿರದ ಆಸುಪಾಸಿನ ರ‍್ಯಾಂಕ್ ಇತ್ತು. 2024ರಲ್ಲಿ ಅದೇ ಅಂಕ ಸುಮಾರು 80 ಸಾವಿರಕ್ಕೆ ಕುಸಿಯಿತು. 2025ರಲ್ಲಿ 651ರಿಂದ 686ರವರೆಗೆ ಪಡೆದವರು 73 ಮಂದಿ, 601ರಿಂದ 650ರವರೆಗೆ 1,259 ಮಂದಿ. ಅಂದರೆ 600 ಪಡೆದವರ ಮುಂದೆ ಇದ್ದವರು ಸಾವಿರದ ಮುನ್ನೂರು ಚಿಲ್ಲರೆ. ಆ ವರ್ಷದ ಗರಿಷ್ಠ ಅಂಕವೇ 686. 2024ರ ಪಟ್ಟಿ ಹಿಡಿದು 2025ರ ಮೇ 4ರ ಸಂಜೆ ‘600 ಬಂದರೆ ಸರ್ಕಾರಿ ಸೀಟು ಕಷ್ಟ’ ಎಂದು ಕೈಚೆಲ್ಲಿ ಕುಳಿತವರ ಲೆಕ್ಕ ಎಷ್ಟು ಪಟ್ಟು ತಪ್ಪಿತ್ತೆಂಬುದನ್ನು ವಿವರಿಸಬೇಕಿಲ್ಲ. 2023ರ ಪಟ್ಟಿ ಹಿಡಿದು 2024ರಲ್ಲಿ ನಿಶ್ಚಿಂತೆಯಿಂದ ಇದ್ದವರ ಪಾಡು ಇದಕ್ಕೆ ತದ್ವಿರುದ್ಧ.

ಕಾರಣಗಳು ಗೊತ್ತಿರುವಂಥವೇ. 2024ರ ಪಠ್ಯಕ್ರಮವನ್ನು ಅದಕ್ಕೆ ಮುಂಚಿನ ವರ್ಷದ ಕೊನೆಯಲ್ಲಿ ಕಡಿತ ಮಾಡಲಾಗಿತ್ತು. ಪರೀಕ್ಷೆ ಬರೆದವರ ಸಂಖ್ಯೆ 20 ಲಕ್ಷ ಚಿಲ್ಲರೆಯಿಂದ 23 ಲಕ್ಷ ದಾಟಿತ್ತು. 2021ರಿಂದ ಇದ್ದ ಆಯ್ಕೆಯ ಸೌಲಭ್ಯ, ಅಂದರೆ 200 ಪ್ರಶ್ನೆಗಳಲ್ಲಿ 180ಕ್ಕೆ ಉತ್ತರಿಸುವ ಅವಕಾಶ, 2025ರಲ್ಲಿ ರದ್ದಾಯಿತು. ಸಮಯವೂ 200 ನಿಮಿಷಗಳಿಂದ 180ಕ್ಕೆ ಇಳಿಯಿತು. ಭೌತಶಾಸ್ತ್ರ ಬಿಗಿಯಾಗಿತ್ತು.

ಇಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಸಾಮಾನ್ಯ ವರ್ಗದ ಅರ್ಹತಾ ಅಂಕ 50ನೇ ಪರ್ಸೆಂಟೈಲ್‌ಗೆ ನಿಗದಿಯಾಗಿರುವುದರಿಂದ, ಅದು ಪರೀಕ್ಷೆ ಬರೆದವರ ಸಾಲಿನ ನಟ್ಟನಡುವೆ ನಿಂತವರ ಅಂಕವನ್ನೂ ಸೂಚಿಸುತ್ತದೆ. 2023ರಲ್ಲಿ ಅದು 137, 2024ರಲ್ಲಿ ಪರಿಷ್ಕರಣೆಯ ನಂತರ 162, 2025ರಲ್ಲಿ 144. ಎಲ್ಲರೂ ‘ಟಫ್’ ಎಂದ 2025ರಲ್ಲಿ ನಡುವಿನ ಅಭ್ಯರ್ಥಿ 2023ಕ್ಕಿಂತ 7 ಅಂಕ ಹೆಚ್ಚೇ ಪಡೆದಿದ್ದಾರೆ. ಆದರೆ 600 ದಾಟಿದವರ ಸಂಖ್ಯೆ ಅದೇ ಎರಡು ವರ್ಷಗಳ ನಡುವೆ ಇಪ್ಪತ್ತರಲ್ಲೊಂದು ಪಾಲಿಗಿಂತ ಕೆಳಗಿಳಿದಿದೆ. ಪತ್ರಿಕೆಯ ಬಿಗಿ ತಟ್ಟಿದ್ದು ಮುಖ್ಯವಾಗಿ ಸಾಲಿನ ಮುಂಭಾಗಕ್ಕೆ. ಹೀಗಾಗಿ ‘ಈ ಸಲ ಕಷ್ಟವಿತ್ತು, ಎಲ್ಲರಿಗೂ 50 ಅಂಕ ಕಡಿಮೆ’ ಎಂಬಂಥ ಒಂದೇ ಅಳತೆಯ ತಿದ್ದುಪಡಿ 600ರ ಆಸುಪಾಸಿನವರಿಗೂ 200ರ ಆಸುಪಾಸಿನವರಿಗೂ ಏಕಕಾಲಕ್ಕೆ ಸರಿಹೊಂದದು. ಕೋಚಿಂಗ್ ವಲಯದ ರ‍್ಯಾಂಕ್ ಊಹೆಗಳನ್ನು ಓದುವಾಗ ಇದನ್ನು ನೆನಪಿಡಬೇಕು.

5. ಸೂತ್ರವೇ ಬದಲಾದಾಗ

ಸಿಇಟಿ ರ‍್ಯಾಂಕಿನಲ್ಲಿ ಇನ್ನೂ ಒಂದು ಪದರವಿದೆ: ಪಿಯು ಅಂಕ. ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಗೆ 45, ಆಂತರಿಕ ಮೌಲ್ಯಮಾಪನಕ್ಕೆ 10 ಎಂಬ ಪ್ರಮಾಣದಲ್ಲಿ ಅಂಕ ಕೊಡಲಾಯಿತು. 2,239 ವಿದ್ಯಾರ್ಥಿಗಳಿಗೆ 600ಕ್ಕೆ 600 ಬಂತು. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯು ಅಂಕವನ್ನು ಪರಿಗಣಿಸದೆ ಸಿಇಟಿ ಅಂಕವನ್ನಷ್ಟೇ ಬಳಸಲಾಯಿತು.

2022ರಲ್ಲಿ ಅರ್ಧ–ಅರ್ಧ ಸೂತ್ರ ಮರಳಿತು. ಆದರೆ 2021ರಲ್ಲಿ ಪಿಯು ಮುಗಿಸಿ ಮತ್ತೆ ಸಿಇಟಿ ಬರೆದವರಿಗೆ ಸಿಇಟಿ ಅಂಕವನ್ನು ಮಾತ್ರ ಪರಿಗಣಿಸಲಾಯಿತು. ಒಂದೇ ಕೊಠಡಿಯಲ್ಲಿ ಒಂದೇ ಪತ್ರಿಕೆ ಬರೆದು, ಒಂದೇ ಅಂಕ ಪಡೆದು, ಸಾವಿರಾರು ರ‍್ಯಾಂಕ್ ಹಿಂದೆ ಬಿದ್ದವರು ಹೈಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠದ ತೀರ್ಪು ಪುನರಾವರ್ತಿತ ಅಭ್ಯರ್ಥಿಗಳ ಪರವಾಗಿ ಬಂತು. ಮೇಲ್ಮನವಿಯ ಹಂತದಲ್ಲಿ ಅವರ ಪಿಯು ಅಂಕಗಳಿಂದ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ಉಳಿದದ್ದನ್ನು ಸೇರಿಸುವ ಮಧ್ಯಮ ಸೂತ್ರ ಒಪ್ಪಿತವಾಗಿ, ರ‍್ಯಾಂಕ್ ಪಟ್ಟಿ ಹೊಸದಾಗಿ ಹೊರಬಂತು. ಆ ತಿಂಗಳುಗಳಲ್ಲಿ ಯಾವ ವಿದ್ಯಾರ್ಥಿಯೂ ತನ್ನ ರ‍್ಯಾಂಕನ್ನು ಸರಿಯಾಗಿ ಊಹಿಸಲು ಸಾಧ್ಯವಿರಲಿಲ್ಲ. ಊಹೆಗೆ ಬೇಕಾದ ಸೂತ್ರವೇ ಇನ್ನೂ ಇತ್ಯರ್ಥವಾಗಿರಲಿಲ್ಲ.

6. ಅಂತರದ ಬೆಲೆ

ನಿರೀಕ್ಷೆ ತಪ್ಪಿದರೆ ಕೆಲವು ದಿನದ ಬೇಸರ, ಅಷ್ಟೇ ತಾನೇ ಎನ್ನಬಹುದು. ಆದರೆ ಪರೀಕ್ಷೆಗೂ ಫಲಿತಾಂಶಕ್ಕೂ ನಡುವಿನ ಅವಧಿ ಸುಮ್ಮನೆ ಕಾಯುವ ಕಾಲವಲ್ಲ. 2024ರ ಸಿಇಟಿ ಫಲಿತಾಂಶ ಬಂದದ್ದು ಜೂನ್ 1ಕ್ಕೆ, ಪರೀಕ್ಷೆಯಾಗಿ ಆರು ವಾರಗಳ ನಂತರ. 2025ರ ನೀಟ್‌ನ ತಾತ್ಕಾಲಿಕ ಕೀ ಉತ್ತರ ಜೂನ್ 3ರಂದು, ಫಲಿತಾಂಶ ಜೂನ್ 14ರಂದು ಬಂತು. ಈ ವಾರಗಳಲ್ಲೇ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕಟ್ಟಬೇಕೆ, ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಬೇಕೆ, ಬಿ.ಎಸ್ಸಿಗೆ ಅರ್ಜಿ ಹಾಕಿಡಬೇಕೆ ಎಂಬ ತೀರ್ಮಾನಗಳು ಆಗುತ್ತವೆ. ಅವುಗಳ ಬುನಾದಿ ಊಹೆಯ ರ‍್ಯಾಂಕ್. ಫಲಿತಾಂಶದ ನಂತರ ರ‍್ಯಾಂಕ್ ತಿಳಿದೇ ಆಪ್ಷನ್ ಎಂಟ್ರಿ ಮಾಡುವ, ಮೊದಲು ಅಣಕು ಸೀಟು ಹಂಚಿಕೆ ನೋಡಿ ಆದ್ಯತೆ ಬದಲಿಸಿಕೊಳ್ಳುವ ಕರ್ನಾಟಕದ ವ್ಯವಸ್ಥೆ ಸೀಟು ಆಯ್ಕೆಯ ಹಂತದಲ್ಲಿ ಊಹೆಯ ಹೊರೆಯನ್ನು ತಗ್ಗಿಸುತ್ತದೆ, ನಿಜ. ಆ ಹೊತ್ತಿಗೆ ಕಟ್ಟಿದ ಮುಂಗಡ ಮಾತ್ರ ಹೋಗಿರುತ್ತದೆ.

ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವೊಕಾವೊದ ಅನುಭವ ಇಲ್ಲಿ ಹೋಲಿಕೆಗೆ ತಕ್ಕದ್ದು. ಅಲ್ಲಿ ಕಾಲೇಜುಗಳ ಆದ್ಯತಾ ಪಟ್ಟಿಯನ್ನು ಕೆಲವು ಪ್ರಾಂತ್ಯಗಳು ಪರೀಕ್ಷೆಗೆ ಮೊದಲೇ, ಕೆಲವು ಪರೀಕ್ಷೆಯ ನಂತರ ಅಂಕವನ್ನು ಸ್ವತಃ ಅಂದಾಜಿಸಿಕೊಂಡು ಸಲ್ಲಿಸಲು ಹೇಳುತ್ತಿದ್ದವು. ಕ್ರಮೇಣ ಎಲ್ಲೆಡೆ ಅಂಕ ತಿಳಿದ ನಂತರ ಸಲ್ಲಿಸುವ ಪದ್ಧತಿ ಬಂತು. ಬೀಜಿಂಗ್ 2015ರಲ್ಲಿ ಇದಕ್ಕೆ ಬದಲಾಯಿತು. ಜೊತೆಗೆ ಪ್ರಾಂತ್ಯಗಳು ಪ್ರತಿ ಒಂದೊಂದು ಅಂಕಕ್ಕೆ ಎಷ್ಟು ಮಂದಿ, ಅದಕ್ಕಿಂತ ಮೇಲೆ ಒಟ್ಟು ಎಷ್ಟು ಮಂದಿ ಎಂಬ ಕೋಷ್ಟಕವನ್ನು ಪ್ರಕಟಿಸುತ್ತವೆ.

7. ತೀರ್ಮಾನ

ಮೂರು ಅಂತರಗಳಿಗೆ ಮೂರು ಬೇರೆ ಚಿಕಿತ್ಸೆ ಬೇಕು. ಮೊದಲನೆಯದಕ್ಕೆ ಕಾಲೇಜುಗಳೇ ಸಾಕು: ಪ್ರತಿ ಅಣಕು ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಒಪ್ಪಿಸುವ ಮುನ್ನ ನಿರೀಕ್ಷಿತ ಅಂಕವನ್ನು ಬರೆಸಿ, ಬಂದ ಅಂಕದ ಪಕ್ಕದಲ್ಲಿ ದಾಖಲಿಸಿದರೆ ವಿದ್ಯಾರ್ಥಿಗೆ ತನ್ನ ಅಂದಾಜು ಯಾವ ಕಡೆ ವಾಲುತ್ತದೆಂಬುದು ವರ್ಷಾಂತ್ಯಕ್ಕೆ ಗೊತ್ತಾಗುತ್ತದೆ. ಎರಡನೆಯದಕ್ಕೆ ತಕರಾರಿನ ಪ್ರಶ್ನೆಗಳ ನಿರ್ಧಾರ ಫಲಿತಾಂಶಕ್ಕೆ ಮೊದಲೇ ಅಂತಿಮವಾಗಬೇಕು. 2024ರ ನೀಟ್‌ನಲ್ಲಿ ಆದಂತೆ ಫಲಿತಾಂಶದ ನಂತರವಲ್ಲ.

ಮೂರನೆಯದು ಪರೀಕ್ಷಾ ಸಂಸ್ಥೆಗಳ ಹೊಣೆ. ತಾತ್ಕಾಲಿಕ ಕೀ ಉತ್ತರದ ಹೊತ್ತಿಗೆ ಓಎಂಆರ್ ಹಾಳೆಗಳು ಸ್ಕ್ಯಾನ್ ಆಗಿರುತ್ತವೆ. ನೀಟ್‌ನಲ್ಲಿ ಆ ಚಿತ್ರಗಳನ್ನು ಅಭ್ಯರ್ಥಿಗಳಿಗೂ ತೋರಿಸಲಾಗುತ್ತದೆ. ಅದೇ ಕೀ ಉತ್ತರದ ಆಧಾರದ ಮೇಲೆ ಯಾವ ಅಂಕದ ವ್ಯಾಪ್ತಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ತಾತ್ಕಾಲಿಕ ಕೋಷ್ಟಕವನ್ನು, ಹೆಸರು–ಸಂಖ್ಯೆಗಳಿಲ್ಲದೆ, ಜೊತೆಗೇ ಪ್ರಕಟಿಸಬಹುದು. ಒಂದೆರಡು ಪ್ರಶ್ನೆಗಳ ಉತ್ತರ ಬದಲಾದರೆ ಕೋಷ್ಟಕ ತುಸು ಅಲುಗಾಡೀತು. 30 ಸಾವಿರ, 80 ಸಾವಿರ, ಸಾವಿರದ ಮುನ್ನೂರು ಎಂಬ ಪ್ರಮಾಣದಲ್ಲಿ ಖಂಡಿತ ಅಲ್ಲ. ಸಿಇಟಿಗೂ ಇಂಥದೇ ಕೋಷ್ಟಕ ಸಾಧ್ಯ. ಪಿಯು ಅಂಕವನ್ನು ಸೇರಿಸಿ ಮಾಡಿದರೆ ಇನ್ನೂ ಉಪಯುಕ್ತ. ಅಲ್ಲಿಯವರೆಗೆ ಉಪನ್ಯಾಸಕರು ಮತ್ತು ಪೋಷಕರು ಪಾಲಿಸಬಹುದಾದ ಎಚ್ಚರ ಒಂದಿದೆ: ಎಣಿಸಿದ ಅಂಕವನ್ನು ನಂಬಬಹುದು, ಹೋದ ವರ್ಷದ ರ‍್ಯಾಂಕ್ ಪಟ್ಟಿಯನ್ನು ನಂಬಿ ಹಣ ಕಟ್ಟಬಾರದು.