ಬ್ರಿಟನ್ನಿನ ರೇಡಾರ್‌ಗೆ ಸೂರ್ಯ ಅಡ್ಡ ಬಂದ ದಿನ, ಮತ್ತು ನಮ್ಮ ಗೌರಿಬಿದನೂರು

ಹಳೇ ರೇಡಿಯೋದಲ್ಲಿ ಹಾಡಿನ ನಡುವೆ ಗೊರಗೊರ ಅಂತ ಸದ್ದು ಬರ್ತಿತ್ತಲ್ಲ, ನೆನಪಿದೆಯಾ? ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೂ ಬರೋದು, ದೂರದಲ್ಲೆಲ್ಲೋ ಸಿಡಿಲು ಹೊಡೆದರೂ ಬರೋದು. ಪೆಟ್ಟಿಗೆಗೆ ಎರಡು ಏಟು ಕೊಟ್ಟು, ಏರಿಯಲ್ ತಿರುಗಿಸಿ ಸುಮ್ಮನಾಗ್ತಿದ್ವಿ. ಆ ಸದ್ದು ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ? ಇವತ್ತಿನ ಕಥೆ ಹಾಗೆ ಕೇಳಿದ ಒಬ್ಬ ಮೇಷ್ಟರದು. ಶುರುವಾಗೋದು ಯುದ್ಧಕಾಲದ ಬ್ರಿಟನ್‌ನಲ್ಲಿ, ಮುಗಿಯೋದು ನಮ್ಮ ಗೌರಿಬಿದನೂರಿನಲ್ಲಿ.

ಮೊದಲು 1935ಕ್ಕೆ ಹೋಗೋಣ. ಇಂಗ್ಲೆಂಡಿನ ಡ್ಯಾವೆಂಟ್ರಿ ಎಂಬ ಊರಿನಲ್ಲಿ ಬಿಬಿಸಿಯ ಶಾರ್ಟ್‌ವೇವ್ ಪ್ರಸಾರ ಕೇಂದ್ರವಿತ್ತು. ಭಾರತವೂ ಸೇರಿದಂತೆ ಇಡೀ ಸಾಮ್ರಾಜ್ಯಕ್ಕೆ ದನಿ ಕಳಿಸುತ್ತಿದ್ದ ಕೇಂದ್ರ ಅದು. ಫೆಬ್ರವರಿ 26ರಂದು ರಾಬರ್ಟ್ ವಾಟ್ಸನ್-ವಾಟ್ ಮತ್ತು ಅವರ ಸಹಾಯಕ ಆರ್ನಾಲ್ಡ್ ವಿಲ್ಕಿನ್ಸ್ ಅಲ್ಲಿಗೆ ಹತ್ತಿರದ ಒಂದು ಹೊಲದಲ್ಲಿ ವ್ಯಾನ್ ನಿಲ್ಲಿಸಿ, ಮೇಲೆ ಒಂದು ಬಾಂಬರ್ ವಿಮಾನ ಹಾರಿಸಿದರು. ಬಿಬಿಸಿಯ ಅಲೆಗಳು ವಿಮಾನಕ್ಕೆ ತಾಗಿ ಹಿಂದಿರುಗಿದ್ದು ಅವರ ಉಪಕರಣದಲ್ಲಿ ಕಂಡಿತು. ನಂದಿ ಬೆಟ್ಟದ ಎದುರು ನಿಂತು ಕೂಗಿದರೆ ನಮ್ಮ ದನಿ ನಮಗೇ ವಾಪಸ್ ಬರುತ್ತಲ್ಲ, ಹಾಗೆ. ರೇಡಾರ್ ಹುಟ್ಟಿದ್ದು ಹೀಗೆ, ರೇಡಿಯೋ ಪ್ರಸಾರದ ಹೊಟ್ಟೆಯಿಂದಲೇ.

ಅದೇ ವರ್ಷ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಅದೇ 'ಆಕಾಶವಾಣಿ'. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲವೂ ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯ ಊರುಗಳು.

ನಾಲ್ಕೇ ವರ್ಷದಲ್ಲಿ ಯುದ್ಧ ಬಂತು. 1939ರ ಸೆಪ್ಟೆಂಬರ್ 1ರಂದು ಬಿಬಿಸಿ ತನ್ನ ಟೆಲಿವಿಷನ್ ನಿಲ್ಲಿಸಿತು. ಬೇರೆ ಬೇರೆ ಪ್ರಾಂತ್ಯಗಳ ರೇಡಿಯೋ ಪ್ರಸಾರವನ್ನೆಲ್ಲ ಸೇರಿಸಿ 'ಹೋಮ್ ಸರ್ವಿಸ್' ಎಂಬ ಒಂದೇ ಕಾರ್ಯಕ್ರಮ ಮಾಡಿತು. ಯಾಕೆ ಗೊತ್ತಾ? ಯಾವ ಊರಿನ ಸ್ಟೇಷನ್ ಅಂತ ಗೊತ್ತಾದರೆ, ಅದನ್ನೇ ಗುರುತು ಮಾಡಿಕೊಂಡು ಜರ್ಮನ್ ವಿಮಾನಗಳು ದಾರಿ ಹಿಡಿದು ಬರಬಹುದು ಎಂಬ ಭಯ. 1940ರಿಂದ ವಾರ್ತೆ ಓದುವವರು ತಮ್ಮ ಹೆಸರು ಹೇಳತೊಡಗಿದರು. ಶತ್ರು ನುಸುಳಿ ಸುಳ್ಳು ಸುದ್ದಿ ಓದಿದರೆ ಜನರಿಗೆ ದನಿಯ ಗುರುತು ಸಿಗಬೇಕಲ್ಲ! ಯುದ್ಧದ ರೇಡಿಯೋದಲ್ಲಿ ದೊಡ್ಡ ಪ್ರಶ್ನೆಯೇ ಇದು: ಈ ದನಿ ಯಾರದು?

ಈಗ 1942ರ ಫೆಬ್ರವರಿ. 12ನೇ ತಾರೀಖು ಜರ್ಮನಿಯ ಯುದ್ಧನೌಕೆಗಳು ಬ್ರಿಟಿಷ್ ರೇಡಾರ್‌ಗಳಿಗೆ ಅಡ್ಡಿ ಮಾಡಿ, ಹಾಡಹಗಲೇ ಇಂಗ್ಲಿಷ್ ಕಾಲುವೆ ದಾಟಿಹೋದವು. ಬ್ರಿಟನ್‌ಗೆ ಭಾರೀ ಮುಖಭಂಗ. ರೇಡಾರ್‌ಗೆ ಯಾರು, ಎಲ್ಲಿಂದ ಅಡ್ಡಿ ಮಾಡ್ತಿದ್ದಾರೆ ಅಂತ ಪತ್ತೆಹಚ್ಚುವ ಕೆಲಸ ಸೈನ್ಯದ ಸಂಶೋಧನಾ ತಂಡದಲ್ಲಿದ್ದ ಜೇಮ್ಸ್ ಸ್ಟ್ಯಾನ್ಲಿ ಹೇ ಅವರ ಪಾಲಿಗೆ ಬಂತು. ಯುದ್ಧಕ್ಕೆ ಮುಂಚೆ ಅವರು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟರು.

ಎರಡು ವಾರ ಕಳೆದಿತ್ತು, ಅಷ್ಟೇ. ಫೆಬ್ರವರಿ 27 ಮತ್ತು 28ರಂದು ವಿಮಾನ ಹೊಡೆಯುವ ಫಿರಂಗಿಗಳ ರೇಡಾರ್‌ಗಳಲ್ಲಿ ವಿಪರೀತ ಗದ್ದಲ. ಒಂದು ಕಡೆಯಲ್ಲ, ದೇಶದ ಹಲವು ಕಡೆಯಿಂದ ದೂರು. ಎಲ್ಲರ ಬಾಯಲ್ಲೂ ಒಂದೇ ಮಾತು: ಜರ್ಮನರು ಮತ್ತೆ ಶುರುಮಾಡಿದರು! ಹೇ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಗದ್ದಲ ಬರೀ ಹಗಲು ಹೊತ್ತು. ಅದು ಬರುವ ದಿಕ್ಕು ಗಂಟೆಗಂಟೆಗೂ ಸರಿಯುತ್ತಿದೆ. ಸರಿಯೋ ರೀತಿ ನೋಡಿದರೆ, ಆಕಾಶದಲ್ಲಿ ಸೂರ್ಯ ನಡೆಯುವ ದಾರಿಯೇ ಅದು.

ಅವರು ಗ್ರೀನಿಚ್ ವೀಕ್ಷಣಾಲಯವನ್ನು ವಿಚಾರಿಸಿದರು. ಸೂರ್ಯನ ಮೇಲೆ ದೊಡ್ಡದೊಂದು ಕಲೆಗಳ ಗುಂಪು ಇದೆ, ಸರಿಯಾಗಿ ಭೂಮಿಯ ಕಡೆಗೇ ಮುಖಮಾಡಿದೆ ಅಂತ ಉತ್ತರ ಬಂತು. ಅಲ್ಲಿಗೆ ಶತ್ರು ಬರ್ಲಿನ್‌ನಲ್ಲಿರಲಿಲ್ಲ, ಸುಮಾರು 15 ಕೋಟಿ ಕಿಲೋಮೀಟರ್ ಆಚೆ ಇದ್ದ. ಸೂರ್ಯ ರೇಡಿಯೋ ಅಲೆಗಳನ್ನೂ ಉಗುಳುತ್ತಾನೆ ಅಂತ ಗೊತ್ತಾಗಿದ್ದು ಹೀಗೆ. ಯುದ್ಧದ ಗುಟ್ಟಾದ್ದರಿಂದ ಹೇ ಅದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು 1946ರಲ್ಲಿ.

ಯುದ್ಧ ಮುಗಿದ ಮೇಲೆ ಶತ್ರುವಿಗಾಗಿ ಕಟ್ಟಿದ ಕಿವಿಗಳು ಆಕಾಶದ ಕಡೆ ತಿರುಗಿದವು. ರೇಡಿಯೋ ಖಗೋಳಶಾಸ್ತ್ರ ಬೆಳೆಯಿತು. ಅದರ ಒಂದು ಕವಲು ಬಂದು ಸೇರಿದ್ದು ನಮ್ಮ ಸೀಮೆಗೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಎರಡೂ ಸೇರಿ 1976ರ ಹೊತ್ತಿಗೆ ಗೌರಿಬಿದನೂರಿನ ಹತ್ತಿರ ರೇಡಿಯೋ ದೂರದರ್ಶಕ ಶುರುಮಾಡಿದವು. ದೂರದರ್ಶಕ ಅಂದ ತಕ್ಷಣ ಕೊಳವೆ, ಗಾಜು ಅಂದುಕೊಳ್ಳಬೇಡಿ. ಕಂಬ, ತಂತಿಗಳ ಸಾಲು ಅದು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರ, ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್ ಉದ್ದ, ಒಟ್ಟು 1,000 ಆಂಟೆನಾಗಳು. ನೋಡಿದರೆ ಯಾರೋ ಬಟ್ಟೆ ಒಣಹಾಕೋಕೆ ತಂತಿ ಕಟ್ಟಿದ ಹಾಗಿರುತ್ತೆ! 1997ರಲ್ಲಿ ಅದೇ ಆವರಣದಲ್ಲಿ ಸೂರ್ಯನಿಗಾಗಿಯೇ ರೇಡಿಯೋ ಹೀಲಿಯೋಗ್ರಾಫ್ ಬಂತು. ಅದಕ್ಕೆ ಕೇಳಿಸೋದು 40ರಿಂದ 150 ಮೆಗಾಹರ್ಟ್ಸ್‌ವರೆಗಿನ ಅಲೆಗಳು. 1942ರಲ್ಲಿ ಬ್ರಿಟಿಷ್ ರೇಡಾರ್‌ಗಳನ್ನು ಕಂಗೆಡಿಸಿದ 4ರಿಂದ 6 ಮೀಟರ್‌ನ ಅಲೆಗಳು ಇದರೊಳಗೇ ಬರುತ್ತವೆ.

ಇದರಿಂದ ನಮಗೇನು ಅಂತ ಕೇಳಬಹುದು. 1989ರ ಮಾರ್ಚ್ 13ರಂದು ಸೌರ ಬಿರುಗಾಳಿಯ ಹೊಡೆತಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಕರೆಂಟ್ ಹೋಗಿ ಸುಮಾರು 60 ಲಕ್ಷ ಜನ ಕತ್ತಲಲ್ಲಿ ಕೂತರು. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು. ಉಪಗ್ರಹ, ಜಿಪಿಎಸ್, ವಿದ್ಯುತ್ ಜಾಲ ಎಲ್ಲಕ್ಕೂ ಇದರ ಅಪಾಯ ಇದೆ. ಅಂಥ ಸ್ಫೋಟಗಳು ಸೂರ್ಯನಿಂದ ಹೊರಡುವಾಗ ಏನಾಗುತ್ತೆ ಅಂತ ಗಮನಿಸುವ ಜಾಗಗಳಲ್ಲಿ ಗೌರಿಬಿದನೂರೂ ಒಂದು.

ಆದರೆ ಈಗ ಕಥೆ ತಿರುವುಮುರುವಾಗಿದೆ. ಅವತ್ತು ಮನುಷ್ಯನ ರೇಡಿಯೋಗೆ ಸೂರ್ಯ ಅಡ್ಡ ಬಂದಿದ್ದ. ಇವತ್ತು ಸೂರ್ಯನ ದನಿಗೆ ನಾವು ಅಡ್ಡ ಬರ್ತಿದ್ದೇವೆ. ನಾವು ಹಾಡು ಕೇಳುವ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್, ಅಂದರೆ ಹೀಲಿಯೋಗ್ರಾಫ್ ಕೇಳುವ ಪಟ್ಟಿಯ ನಟ್ಟನಡುವೆ. ವಾಹನದ ಕಿಡಿ, ವಿದ್ಯುತ್ ಲೈನು, ಮೋಟಾರು ಎಲ್ಲವೂ ಆ ಕಿವಿಗೆ ಗದ್ದಲವೇ. ನಗರದಿಂದ ದೂರ, ಸದ್ದಿಲ್ಲದ ಜಾಗ ಅಂತ ಹುಡುಕಿ ಬಂದ ಊರಿದು. ಬೆಂಗಳೂರು ಉತ್ತರಕ್ಕೆ ಬೆಳೆದಷ್ಟೂ ಆ ನಿಶ್ಶಬ್ದ ಕರಗುತ್ತೆ. ಕೆರೆ, ಗುಂಡುತೋಪಿನ ಹಾಗೆ ನಿಶ್ಶಬ್ದವೂ ಊರಿನ ಆಸ್ತಿ ಅಂತ ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಅವರೂ ಭೌತಶಾಸ್ತ್ರದ ಮೇಷ್ಟರೇ. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿಕೊಂಡು ಬಂದವರು. 1942ರಲ್ಲಿ ಎಲ್ಲರೂ ಶತ್ರುವಿನ ಕೆಲಸ ಅಂದಾಗ ಆ ಇನ್ನೊಬ್ಬ ಮೇಷ್ಟರು ಮಾಡಿದ್ದೂ ಅದನ್ನೇ. ನಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ನಂದಿ ಬೆಟ್ಟ, ವಿದುರಾಶ್ವತ್ಥದ ಜೊತೆಗೆ ಈ ತಂತಿಗಳ ಕಥೆಯನ್ನೂ ಹೇಳಿ.